ಹಾಡುವ ರೇಡಿಯೋ ಬಿಚ್ಚದ ಸಿದ್ದಲಿಂಗಮ್ಮ

ಮೈಸೂರಿನ ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಂಟಯ್ಯನವರ ಗುಜರಿ ಅಂಗಡಿಯ ಮುಂದೆ ರಾತ್ರಿ ಬಂದಿಳಿದ ಸಾಮಾನಿನ ರಾಶಿ ಬಿದ್ದಿದೆ. ತುಕ್ಕು ಹಿಡಿದ ಕಿಟಕಿ ಸರಳು, ರೆಕ್ಕೆ ಮುರಿದ ಫ್ಯಾನು, ಯಾವುದೋ ಮಗು ಆಡಿ ಬಿಟ್ಟ ಮೂರು ಗಾಲಿಯ ಸೈಕಲ್ಲು. ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದನ್ನೇ ಎತ್ತಿ ಪಕ್ಕಕ್ಕಿಡುತ್ತಿದ್ದಾರೆ ಸಿದ್ದಲಿಂಗಮ್ಮ. ವಯಸ್ಸು ಐವತ್ತು ದಾಟಿದೆ. ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವ ಹಳೆಯ ರೇಡಿಯೋಗಳಿಗೆ ಅಸಲಿ ಬಿಡಿಭಾಗ ಹುಡುಕಿ ಕೊಡುವುದು ಇವರ ಕಸುಬು. ಏಳು ಗಂಟೆಗೆ ಮೊದಲು ಹಾಸಿಗೆ ಬಿಟ್ಟು ಅಭ್ಯಾಸವಿಲ್ಲದ ನಾನು ಪಕ್ಕದಲ್ಲಿ ಆಕಳಿಸುತ್ತಾ ನಿಂತಿದ್ದೇನೆ.

ಇಷ್ಟು ಬೇಗ ಯಾಕೆ ಬರಬೇಕು ಎಂದು ಕೇಳಿದರೆ ಅವರು ಕಣ್ಣಲ್ಲೇ ಅಂಗಡಿಯ ಮೂಲೆ ತೋರಿಸುತ್ತಾರೆ. ಅಲ್ಲೊಂದು ದಪ್ಪ ಸುತ್ತಿಗೆ ಗೋಡೆಗೆ ಒರಗಿ ನಿಂತಿದೆ.

“ಬಿಸಿಲು ಬರೋ ಹೊತ್ಗೆ ಒಡೆಯೋರು ಬಂದ್ಬುಡ್ತಾರೆ. ಅವರಿಗೆ ರೇಡಿಯೋ ಅಂದ್ರೆ ತಾಮ್ರ. ಟ್ರಾನ್ಸ್‌ಫಾರ್ಮರ್ ಕಿತ್ಕಂಡು ಮಿಕ್ಕಿದ್ದೆಲ್ಲಾ ಪುಡಿ. ಮರದ ಡಬ್ಬ ಸೀದಾ ಹಂಡೆ ಒಲೆಗೆ. ನಾನು ಸುತ್ತಿಗೆಗಿಂತ ಮುಂಚೆ ಬರ್ಬೇಕು ಕಣಮ್ಮ, ಅಷ್ಟೇ ನನ್ನ ಡ್ಯೂಟಿ.”

ಈಗ ಅವರು ಹುಡುಕುತ್ತಿರುವುದು ಒಂದು ಗಾಜು. ಹಳೆಯ ರೇಡಿಯೋಗಳ ಮುಂಭಾಗದಲ್ಲಿ ದೆಹಲಿ, ಮದ್ರಾಸು, ಕೊಲಂಬೊ ಎಂದೆಲ್ಲ ಊರಿನ ಹೆಸರು ಬರೆದು, ಹಿಂದೆ ಬಲ್ಬು ಹತ್ತಿದಾಗ ಹಳದಿಯಾಗಿ ಹೊಳೆಯುತ್ತಿತ್ತಲ್ಲ, ಆ ಗಾಜು. ಅದೊಂದಕ್ಕಾಗಿ ಕಳೆದ ದಸರಾದಿಂದ ಸಿದ್ದಲಿಂಗಮ್ಮ ಊರಿನ ಗುಜರಿಗಳನ್ನೆಲ್ಲ ಜಾಲಾಡಿದ್ದಾರೆ. ಈಗ ಇನ್ನೊಂದು ದಸರಾ ಬಾಗಿಲಿಗೆ ಬಂದಿದೆ.

“ಮಾತು ಕೊಟ್ಬುಟ್ಟಿದೀನಿ,” ಎನ್ನುತ್ತಾರೆ. “ಕುವೆಂಪುನಗರದ ಮಂಗಳಮ್ಮೋರಿಗೆ. ಸಿಗೋವರ್ಗೂ ಬುಡಂಗಿಲ್ಲ.”

ಮಂಗಳಮ್ಮ ಎಂದರೆ ಸರ್ವಮಂಗಳಾ. ಅವರ ಮನೆಯಲ್ಲಿ ಆಗಿದ್ದು ಇಷ್ಟು. ಆಯುಧಪೂಜೆಗೆ ಮೈಸೂರಿನವರು ಏನನ್ನೂ ಬಿಡುವುದಿಲ್ಲ. ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ, ಎಲ್ಲಕ್ಕೂ ಸ್ನಾನ, ವಿಭೂತಿ, ಕುಂಕುಮ, ಚೆಂಡುಹೂವು. ನಮ್ಮ ಮನೆಯಲ್ಲಿ ಒಮ್ಮೆ ಕ್ಯಾಲ್ಕುಲೇಟರಿಗೂ ಕುಂಕುಮ ಇಟ್ಟು, ಆಮೇಲೆ ಎಂಟರ ಅಂಕಿ ಒತ್ತಿದರೆ ಮೂಡದಂತಾಗಿತ್ತು. ಕಳೆದ ವರ್ಷ ಸರ್ವಮಂಗಳಾ ಅವರು ಮಾವನವರ ರೇಡಿಯೋ ಮಂಕಾಗಿದೆಯಲ್ಲ ಎಂದು ಮುಂದಿನ ಗಾಜು ಬಿಚ್ಚಿ, ಪಾತ್ರೆ ತೊಳೆಯುವ ಪುಡಿ ಹಾಕಿ ಎರಡೂ ಕಡೆ ಚೆನ್ನಾಗಿ ಉಜ್ಜಿದರು. ಆದರೆ ಊರುಗಳ ಹೆಸರು ಇರುವುದು ಗಾಜಿನ ಒಳಮೈಗೆ ಹಚ್ಚಿದ ಬಣ್ಣದಲ್ಲಿ. ಹಳೆಯದಾದರೆ ಬರೀ ನೀರು ತಾಕಿದರೂ ಏಳುವ ಬಣ್ಣ ಅದು. ದೆಹಲಿ, ಮದ್ರಾಸು, ಕೊಲಂಬೊ ಒಟ್ಟಿಗೇ ಬಚ್ಚಲಿಗೆ ಹರಿದುಹೋದವು. ಕೈಯಲ್ಲಿ ಉಳಿದದ್ದು ಫಳಫಳ ಹೊಳೆಯುವ ಬರಿಯ ಗಾಜು.

ಈ ತಪ್ಪು ಮಾಡಿದವರು ಅವರೊಬ್ಬರೇ ಅಲ್ಲ. “ಆಯುಧಪೂಜೆ ಮಾರ್ನೇ ದಿನ ನಮ್ಮನೆ ಮುಂದೆ ನೋಡ್ಬೇಕು ನೀವು,” ಎಂದು ಸಿದ್ದಲಿಂಗಮ್ಮ ನಗುತ್ತಾರೆ. “ಗಾಜು ಟವೆಲ್‌ನಲ್ಲಿ ಸುತ್ಕಂಡು, ಮುಖ ಸಣ್ಣಗೆ ಮಾಡ್ಕಂಡು ನಿಂತಿರ್ತಾರೆ. ಬೈಯೋದಾ, ಸಮಾಧಾನ ಹೇಳೋದಾ? ಒಣಬಟ್ಟೇಲಿ ಹೊರಗಡೆ ಮಾತ್ರ ಒರೆಸ್ಬೇಕು ಅಂತ ಪ್ರತಿ ವರ್ಷ ಹೇಳ್ತೀನಿ. ಪ್ರತಿ ವರ್ಷ ಹೊಸಬ್ರು ಬರ್ತಾರೆ.”

ಸರ್ವಮಂಗಳಾ ಬಂದಾಗ ಮಾತ್ರ ಅವರಿಗೆ ನಗು ಬರಲಿಲ್ಲವಂತೆ. ಮಾವ ಸಿದ್ದಮಲ್ಲಪ್ಪನವರು ಸಂತೇಪೇಟೆಯಲ್ಲಿ ಬೆಲ್ಲದ ಮಂಡಿ ನಡೆಸಿದವರು. ಆ ರೇಡಿಯೋ ಮೊದಲು ಮಂಡಿಯಲ್ಲಿತ್ತು, ಮಂಡಿ ಮುಚ್ಚಿದ ಮೇಲೆ ಯಜಮಾನರ ಜೊತೆ ಮನೆಗೆ ಬಂತು. ಬೆಳಗಿನ ಕಾಫಿಯಿಂದ ಹಿಡಿದು ವಾರ್ತೆ ಮುಗಿಯುವವರೆಗೆ ಅದರ ಕಿವಿ ಹಿಂಡುತ್ತಾ ಕೂರುವುದು ಅವರ ದಿನಚರಿ. ಗಾಜು ಬರಿದಾದ ದಿನ ಅವರು ಸೊಸೆಯನ್ನು ಬೈಯಲಿಲ್ಲ. ಒಮ್ಮೆ ನೋಡಿ, “ಇರ್ಲಿ ಬಿಡಮ್ಮ,” ಎಂದರು. ಎರಡು ಮೂರು ದಿನ ರೇಡಿಯೋ ಹಾಕಿದರು. ಆಮೇಲೆ ಅದರ ಮೇಲೊಂದು ಬಟ್ಟೆ ಮುಚ್ಚಿಬಿಟ್ಟರು.

“ಬೈದಿದ್ರೆ ಬೈಸ್ಕೊಂಡು ಸುಮ್ನಾಗ್ತಿದ್ದೆ, ಬೈಯ್ಲೇ ಇಲ್ವಲ್ಲ ಅಂತ ನನ್ನ ಮುಂದೆ ಅತ್ಬುಟ್ರು ಕಣಮ್ಮ,” ಎನ್ನುವಾಗ ಸಿದ್ದಲಿಂಗಮ್ಮನವರ ಕೈ ರಾಶಿಯ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. “ಅವತ್ತೇ ಅಂದೆ, ಹುಡುಕ್ಕೊಡ್ತೀನಿ ಅಂತ.”

ಸ್ಟಿಕ್ಕರ್ ಮಾಡಿಸಬಹುದಿತ್ತಲ್ಲ ಎಂದು ನನ್ನ ಬುದ್ಧಿವಂತಿಕೆ ತೋರಿಸುತ್ತೇನೆ. ಸರ್ವಮಂಗಳಾ ಅದನ್ನೂ ಮಾಡಿಸಿ ನೋಡಿದ್ದರಂತೆ. ಹಿಂದಿನ ಬಲ್ಬು ಹತ್ತಿದೊಡನೆ ಅಂಟಿನ ಕಲೆಯೆಲ್ಲ ಎದ್ದು ಕಂಡಿತು. ಮುಳ್ಳು ದೆಹಲಿಯ ಮೇಲೆ ನಿಂತರೆ ಬರುತ್ತಿದ್ದದ್ದು ಮದ್ರಾಸು. ಮಾವನವರ ಕಣ್ಣಿಗೆ ಬೀಳುವ ಮೊದಲೇ ಕಿತ್ತುಹಾಕಿದರು.

ಸಿದ್ದಲಿಂಗಮ್ಮನವರದು ಟಿ. ನರಸೀಪುರದ ಕಡೆಯ ಹಳ್ಳಿ. ಮದುವೆಯಾಗಿ ಬಂದದ್ದು ಅಶೋಕಪುರಕ್ಕೆ. ಗಂಡ ಸಣ್ಣಮಾದಯ್ಯ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಇವರಿಗೆ ಹೂಟಗಳ್ಳಿಯ ಕಡೆ ರೇಡಿಯೋ ತಯಾರಿಸುವ ಸಣ್ಣದೊಂದು ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ಕೆಲಸ ಸಿಕ್ಕಿತು. ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಬೆರಳುದ್ದದ ಕೊಳವೆಗೆ ಸುತ್ತಬೇಕು. ಒಂದು ಸುತ್ತು ತಪ್ಪಿದರೂ ಮೇಸ್ತ್ರಿ ಬಿಚ್ಚಿ ಎಸೆಯುತ್ತಿದ್ದರು. ಗಂಡಸರು ಎರಡೇ ದಿನಕ್ಕೆ ಕೈ ಮುಗಿದು ಹೋಗುತ್ತಿದ್ದ ಆ ಕೆಲಸದಲ್ಲಿ ಇದ್ದವರೆಲ್ಲ ಹೆಂಗಸರೇ. ತೊಂಬತ್ತರ ದಶಕದ ಮೊದಲಲ್ಲಿ ಟೀವಿ ಮನೆಮನೆಗೆ ಬಂದು ಕಾರ್ಖಾನೆ ಬಾಗಿಲು ಹಾಕಿತು.

“ಕೆಲಸ ಹೋಗಿದ್ದಕ್ಕೆ ಬೇಜಾರಾಯ್ತು, ಇಲ್ಲ ಅನ್ನಲ್ಲ. ಆದ್ರೆ ಅದಕ್ಕಿಂತ ಇನ್ನೊಂದಿತ್ತು. ಟೆಸ್ಟಿಂಗ್ ಆಗಿ, ಮೇಜಿನ ಮೇಲೆ ಹಾಡ್ತಿದ್ದ ಸೆಟ್ಟುಗಳಿದ್ವಲ್ಲ, ಅವನ್ನೂ ತೂಕಕ್ಕೆ ಹಾಕ್ಬುಟ್ರು. ನಮ್ಮ ಕಣ್ಣೆದುರ್ಗೇ ಒಡೆದ್ರು. ನಾವು ಸುತ್ತಿದ ಕಾಯಿಲು ಒಳಗೆ. ಅವತ್ತು ಅಂದ್ಕಂಡೆ, ಹಾಡೋ ರೇಡಿಯೋನ ಮಾತ್ರ ನಾನು ಯಾವತ್ತೂ ಬಿಚ್ಚಲ್ಲ ಅಂತ.”

ಮುಂದೆ ಒಬ್ಬ ಮೆಕ್ಯಾನಿಕ್ಕು ಸುಟ್ಟ ಕಾಯಿಲ್ ಸುತ್ತಿಸಿಕೊಳ್ಳಲು ಮನೆಗೆ ಬಂದ. ಅವನೇ ಇನ್ನೊಮ್ಮೆ ಒಂದು ಗುಂಡಿ ಕೇಳಿದ, ಮತ್ತೊಮ್ಮೆ ವಾಲ್ವ್ ಕೇಳಿದ. ಇವರು ಗುಜರಿಗಳ ಕಡೆ ಹೆಜ್ಜೆ ಹಾಕಿದರು. ಗಂಡ ತೀರಿಕೊಂಡ ಮೇಲೆ ಈ ಕಸುಬೇ ಮನೆ ನಡೆಸಿತು, ಮಗಳು ಸಂಘಮಿತ್ರಳನ್ನು ನರ್ಸಿಂಗ್ ಓದಿಸಿತು. ಈಗ ಮೈಸೂರಿನ ಹಳೇ ರೇಡಿಯೋ ಪ್ರಿಯರಿಗೆಲ್ಲ ಇವರ ಮನೆ ಗೊತ್ತು. ಯಾದವಗಿರಿಯ ಬಂಗಲೆಗಳಿಂದ ಕಾರಿನಲ್ಲಿ ಬರುತ್ತಾರೆ, ಹುಣಸೂರು, ನಂಜನಗೂಡಿನಿಂದ ಬಸ್ಸಿನಲ್ಲಿ ಬರುತ್ತಾರೆ. ಆದರೂ ರಿಪೇರಿಯಾಗಿ ಹಾಡುವ ರೇಡಿಯೋ ಮುಂದೆ ಕೂತವರು ಮೆಕ್ಯಾನಿಕ್ಕಿನ ಹೆಸರು ಹೇಳುತ್ತಾರೆಯೇ ಹೊರತು, ಅದರೊಳಗಿನ ವಾಲ್ವ್ ಎಲ್ಲಿಂದ ಬಂತು ಎಂದು ಯಾರು ಕೇಳುತ್ತಾರೆ?

ಅವರ ಮನೆಯನ್ನು ನಾನು ನಿನ್ನೆ ನೋಡಿದ್ದೆ. ಮೊಟ್ಟೆ ಇಡುವ ಟ್ರೇಗಳಲ್ಲಿ ಗಾಜಿನ ವಾಲ್ವ್‌ಗಳು ತಲೆಕೆಳಗಾಗಿ ಕೂತಿವೆ. ಗುಂಡಿಗಳನ್ನು ದಾರಕ್ಕೆ ಪೋಣಿಸಿ ಮೊಳೆಗೆ ನೇತುಹಾಕಿದ್ದಾರೆ. ಅಸಲಿ ಸಿಗದೆ ಜನ ಏನೇನು ಹಾಕಿಕೊಳ್ಳುತ್ತಾರೆ ಎಂಬುದಕ್ಕೂ ಒಂದು ಡಬ್ಬ ಇದೆ, ನಗಲೆಂದೇ ಇಟ್ಟುಕೊಂಡದ್ದು. ಗುಂಡಿಯ ಜಾಗಕ್ಕೆ ಟೂತ್‌ಪೇಸ್ಟಿನ ಮುಚ್ಚಳ, ಸ್ಪೀಕರಿನ ಮುಂದೆ ಹಾಕುವ ಜಾಲರಿ ಬಟ್ಟೆಯ ಬದಲು ಯಾರದೋ ಮದುವೆಯ ಜರಿ ಬ್ಲೌಸ್ ಪೀಸು. “ಹಾಡುತ್ತೆ, ಹಾಡಲ್ಲ ಅನ್ನಲ್ಲ,” ಎಂದಿದ್ದರು. “ಆದ್ರೆ ಬೇರೆಯೋರ ಚಪ್ಲಿ ಹಾಕ್ಕಂಡಂಗೆ.”

ಗುಜರಿಯ ಮುಂದೆ ಈಗ ಬೆಳಕಾಗಿದೆ. ಮಂಟಯ್ಯ ಹಲ್ಲುಜ್ಜುತ್ತಾ ಹೊರಗೆ ಬಂದು, ಬಾಯಿ ಮುಕ್ಕಳಿಸಿ, “ಅಕ್ಕಾ, ಯಾದವಗಿರೀಲಿ ಯಾವುದೋ ಬಂಗಲೆ ಕೆಡವ್ತಾವ್ರೆ. ಅಲ್ಲಿಂದ ಬಂದಿರೋದು ಒಳಗಡೆ ಅಂಗೇ ಐತೆ, ನೋಡಿದ್ರಾ?” ಎಂದು ಕೇಳುತ್ತಾರೆ. ಸಿದ್ದಲಿಂಗಮ್ಮ ನೋಡಿಲ್ಲ. ಒಳಗೆ ಹೋದವರು ಎಷ್ಟು ಹೊತ್ತಾದರೂ ಬರುವುದಿಲ್ಲ. ನಾನು ಇಣುಕಿದರೆ, ಒಂದು ದೊಡ್ಡ ಮರದ ರೇಡಿಯೋ ಮುಂದೆ ಅಲುಗಾಡದೆ ಕೂತಿದ್ದಾರೆ. ಸೆರಗಿನ ತುದಿಯಿಂದ ಗಾಜಿನ ಹೊರಮೈಯ ಧೂಳು ಸರಿಸಿದ್ದಾರೆ. ಒಳಗಿನಿಂದ ಹಳದಿ ಅಕ್ಷರಗಳು ಕಾಣುತ್ತಿವೆ, ಒಂದೂ ಏಳದೆ.

“ಇದೇ,” ಎನ್ನುತ್ತಾರೆ. ಧ್ವನಿ ಸಣ್ಣಗಾಗಿದೆ. “ಮಂಗಳಮ್ಮೋರ್ದು ಇದೇ ಸೆಟ್ಟು.”

ನಾನು ಅಲ್ಲೇ ಕುಣಿದುಬಿಡುವವಳಿದ್ದೆ. ಸ್ಕ್ರೂಡ್ರೈವರ್ ತೆಗೀರಿ ಎಂದೆ. ಅವರು ಚೀಲದಿಂದ ತೆಗೆದದ್ದು ಒಂದು ಬಲ್ಬು, ಹೋಲ್ಡರು, ವೈರು. ಬಹಳ ದಿನ ಸುಮ್ಮನಿದ್ದ ರೇಡಿಯೋಗೆ ನೇರವಾಗಿ ಕರೆಂಟು ಕೊಡಬಾರದು, ನಡುವೆ ಒಂದು ಬಲ್ಬು ಇರಬೇಕು. ಒಳಗೆ ಏನಾದರೂ ಸುಟ್ಟಿದ್ದರೆ ಬಲ್ಬು ಪ್ರಖರವಾಗಿ ಉರಿದು ಹೇಳಿಬಿಡುತ್ತದೆ. ಮಂದವಾದರೆ ರೇಡಿಯೋಗೆ ಜೀವ ಇದೆ ಎಂದು ಅರ್ಥ. ಇದನ್ನೆಲ್ಲ ಹೇಳುತ್ತಾ ಮಂಟಯ್ಯನ ಸ್ವಿಚ್ ಬೋರ್ಡಿಗೆ ವೈರು ಸಿಕ್ಕಿಸುವಾಗ ಅವರ ಬಾಯಿಂದ ಬಂದ ಮಾತು ಕೇಳಿ ನಾನು ಬೆಚ್ಚಿದೆ.

“ಇದೊಂದು ಸತ್ತೋಗಿರ್ಲಿ ಕಣಮ್ಮ. ಇಷ್ಟು ವರ್ಷದಲ್ಲಿ ಯಾವ ರೇಡಿಯೋಗೂ ನಾನು ಅಂಗೆ ಅಂದಿಲ್ಲ.”

ಬಲ್ಬು ಭಗ್ಗನೆ ಹತ್ತುತ್ತದೆ. ನಾವಿಬ್ಬರೂ ಅದನ್ನೇ ನೋಡುತ್ತೇವೆ. ನಿಧಾನವಾಗಿ ಅದು ಕೆಂಪಗಾಗಿ, ಮಂಕಾಗುತ್ತದೆ. ಸಿದ್ದಲಿಂಗಮ್ಮ ಒಂದು ನಿಟ್ಟುಸಿರು ಬಿಟ್ಟು, ಬಲ್ಬು ತೆಗೆದು ನೇರ ಕರೆಂಟು ಕೊಡುತ್ತಾರೆ. ಏರಿಯಲ್ ಎಂದು ಒಂದು ವೈರನ್ನು ಷಟರಿನ ಮೇಲೆ ಎಸೆಯುತ್ತಾರೆ. ಬಿಸಿಯಾದ ಧೂಳಿನ ವಾಸನೆ, ಆಮೇಲೆ ಗುಂಯ್ ಎನ್ನುವ ಸದ್ದು. ಗುಂಡಿ ತಿರುಗಿಸಿದರೆ ಬೆಂಗಳೂರು ಕೇಂದ್ರದಿಂದ ಯಾರೋ ಒಬ್ಬ ಹೆಣ್ಣುಮಗಳು ರಾಗಿಗೆ ಬೀಳುವ ರೋಗದ ಬಗ್ಗೆ ಮಾತಾಡುತ್ತಿದ್ದಾಳೆ, ಒಂದು ಕರಕರವೂ ಇಲ್ಲದೆ. ಮಂಟಯ್ಯ ಬ್ರಷ್ ಹಿಡಿದುಕೊಂಡೇ ನಿಂತು ಕೇಳುತ್ತಾರೆ.

ನನಗೆ ಸಿಟ್ಟೇ ಬಂತು. ಒಂದು ವರ್ಷದಿಂದ ಹುಡುಕಿದ ಗಾಜು ಕೈಗೆ ಸಿಕ್ಕಿದೆ, ಆ ಮನೆಯಲ್ಲಿ ಒಂದು ಜೀವ ಅದಕ್ಕಾಗಿ ಕೊರಗುತ್ತಿದೆ, ಇಲ್ಲಿ ನೋಡಿದರೆ ನಿಯಮ! ಗಾಜು ತೆಗೆದರೂ ಇದು ಹಾಡುತ್ತದಲ್ಲ ಎಂದು ವಾದಿಸಿದೆ.

“ಹಾಡುತ್ತೆ. ಮುಖ ಇಲ್ಲದ ರೇಡಿಯೋನ ಯಾರು ಮನೇಲಿ ಇಟ್ಕತಾರೆ ಹೇಳಿ? ನಾಳೆ ಇಲ್ಲಿಗೇ ಬರುತ್ತೆ,” ಎಂದು ಸುತ್ತಿಗೆಯ ಕಡೆ ನೋಡಿದರು. ಆಮೇಲೆ ಎದ್ದು, “ಮಂಟಣ್ಣ, ತೂಕ ಹಾಕು. ಒಂದು ಆಟೋ ಕರಿ. ಮಾತು ಕೊಟ್ಟಿರೋಳು ನಾನು, ಅವರ ಮುಂದೆ ಇಟ್ಟು ಹೇಳ್ಬುಡ್ತೀನಿ,” ಎಂದರು.

ಕುವೆಂಪುನಗರದವರೆಗೂ ರೇಡಿಯೋ ಅವರ ಮಡಿಲಲ್ಲಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಆಟೋದವನಿಗೆ ಬೈಗುಳ ಬಿತ್ತು.

ಸರ್ವಮಂಗಳಾ ಅವರು ಬಾಗಿಲು ತೆರೆದು, ನಮ್ಮ ಮುಖ ನೋಡುವ ಮೊದಲು ಗಾಜು ನೋಡಿದರು. ನಲವತ್ತರ ಹೆಂಗಸು, ಹಣೆಯ ವಿಭೂತಿ ಇನ್ನೂ ಒದ್ದೆ. ನಡುಮನೆಯ ಟೀಪಾಯಿಯ ಮೇಲೆ ರೇಡಿಯೋ ಇಟ್ಟೊಡನೆ ಎದುರಿಗೆ ಕೂತು ಒಂದೊಂದೇ ಊರಿನ ಮೇಲೆ ಬೆರಳಿಟ್ಟರು, ಮುಟ್ಟಿದರೆ ಎಲ್ಲಿ ಅಳಿಸುತ್ತದೋ ಎಂಬಂತೆ.

“ಇದೇ ಅಕ್ಷರ. ಇದೇ ಹಳದಿ. ಸಿದ್ದಲಿಂಗಮ್ಮ, ನಿಮ್ಮ ಋಣ ನಾನು ಹೇಗೆ ತೀರಿಸ್ಲಿ?”

“ಮಂಗಳಮ್ಮೋರೆ, ಒಂದು ಮಾತು,” ಎಂದರು ಇವರು, ನಿಂತುಕೊಂಡೇ. “ಇದು ಹಾಡ್ತಾ ಇದೆ. ಹಾಡೋದನ್ನ ನಾನು ಬಿಚ್ಚಲ್ಲ. ಹುಡುಕ್ಕೊಡ್ತೀನಿ ಅಂದಿದ್ದೆ, ತಂದಿದೀನಿ. ಬೇಕು ಅಂದ್ರೆ ಬೇರೆಯೋರ ಕೈಲಿ ಬಿಚ್ಚಿಸ್ಕಳಿ. ನನ್ನೆದುರಿಗೆ ಮಾತ್ರ ಬ್ಯಾಡ.”

ಸರ್ವಮಂಗಳಾ ತಲೆ ತಗ್ಗಿಸಿದರು. ಅವರು ತ್ಯಾಗದ ಮಾತಾಡುತ್ತಾರೆ ಎಂದು ನಾನು ಕಾದೆ. ಆಡಲಿಲ್ಲ.

“ನನಗೆ ಬೇಕು,” ಎಂದರು ಕೊನೆಗೆ. “ನಿಮ್ಮ ಮಾತು ನನಗೆ ಅರ್ಥ ಆಗುತ್ತೆ. ಆದ್ರೆ ಒಂದು ವರ್ಷ ಆಯ್ತು ಈ ಮನೇಲಿ ಬೆಳಗಿನ ಹೊತ್ತು ಸದ್ದಿಲ್ಲ. ಪಕ್ಕದ ಬೀದೀಲಿ ಮೆಕ್ಯಾನಿಕ್ ಇದಾರೆ, ಸಾಯಂಕಾಲ ಕರೆಸ್ತೀನಿ. ತಪ್ಪು ತಿಳ್ಕೋಬೇಡಿ.”

“ಇಲ್ಲ ಬುಡಿ, ನಿಮ್ಮ ಸಂಕಟ ನಿಮಗೆ,” ಎಂದು ಸಿದ್ದಲಿಂಗಮ್ಮ ಚೀಲ ಎತ್ತಿಕೊಂಡರು. ಹೊರಡುವ ಮುಂಚೆ ರೇಡಿಯೋದ ನೆತ್ತಿಯ ಮೇಲೆ ಒಮ್ಮೆ ಕೈಯಾಡಿಸಿದರು.

“ಅದನ್ನ ಸ್ವಲ್ಪ ಹಾಕಮ್ಮ, ಕೇಳೋಣ,” ಎಂಬ ದನಿ ಬಂತು. ಕೋಣೆಯ ಬಾಗಿಲಲ್ಲಿ ಸಿದ್ದಮಲ್ಲಪ್ಪನವರು. ಬಿಳಿ ಪಂಚೆ, ಬನಿಯನ್ನು, ಕೈಯಲ್ಲಿ ಊರುಗೋಲು. ಮಾತೆಲ್ಲ ಕೇಳಿಸಿಕೊಂಡೇ ಬಂದಿದ್ದರು. ಸರ್ವಮಂಗಳಾ ಗಾಬರಿಯಿಂದ ಪ್ಲಗ್ಗು ಸಿಕ್ಕಿಸಿದರು. ಹಿರಿಯರು ಕುರ್ಚಿ ಎಳೆದುಕೊಂಡು ಕೂತು, ಗುಂಡಿ ಹಿಡಿದು, ಕಣ್ಣನ್ನು ಸೂರಿನ ಕಡೆ ನೆಟ್ಟು ತಿರುಗಿಸತೊಡಗಿದರು. ಕರಕರ, ಒಂದು ಸಿಳ್ಳು, ಆಮೇಲೆ ಬೆಳಗಿನ ವಾರ್ತೆ.

“ಮಂಗಳಾ, ನಾನು ಯಾವತ್ತಾದ್ರೂ ಈ ಹೆಸರು ನೋಡಿ ತಿರುಗಿಸಿದ್ದು ನೀನು ಕಂಡಿದೀಯಾ?”

ಸೊಸೆ ಇಲ್ಲವೆಂದು ತಲೆಯಾಡಿಸಿದರು.

“ಇವೆಲ್ಲಾ ಇಂಗ್ಲಿಷು ಕಣಮ್ಮ. ನನಗೆ ಓದೋಕೇ ಬರಲ್ಲ.”

ಸರ್ವಮಂಗಳಾ ಒಮ್ಮೆ ಗಾಜನ್ನು, ಒಮ್ಮೆ ಮಾವನವರನ್ನು ನೋಡಿದರು. “ಮತ್ತೆ ಯಾಕೆ ಮಾವ, ಒಂದು ವರ್ಷದಿಂದ...”

“ನಾನು ರೇಡಿಯೋ ಹಾಕಿದ ತಕ್ಷಣ ನೀನು ಅಡುಗೆ ಬಿಟ್ಟು ಬಂದು, ಆ ಬರೀ ಗಾಜು ನೋಡ್ಕೊಂಡು, ಕಣ್ಣು ತುಂಬ್ಕೊಂಡು ಬಾಗಿಲಲ್ಲಿ ನಿಂತ್ಕೋತಿದ್ದೆ. ಮೂರು ದಿನ ನೋಡ್ದೆ. ಈ ಹುಡುಗೀನ ದಿನಾ ಯಾಕೆ ಅಳಿಸ್ಬೇಕು ಅಂತ ಮುಚ್ಚಿಟ್ಟೆ.”

“ಹೇಳ್ಬಹುದಿತ್ತಲ್ಲ ಮಾವ! ಆ ಹೆಸರು ನಿಮಗೆ ಬೇಕಾಗೇ ಇಲ್ಲ ಅಂತ.”

“ಮಂಡಿ ಯಜಮಾನ ಆಗಿದ್ದೋನು ಸೊಸೆ ಮುಂದೆ ಓದೋಕೆ ಬರಲ್ಲ ಅಂತ ಹೇಳ್ಕೋಬೇಕಿತ್ತಾ?” ಎಂದು ಮುದುಕರು ಗದರಿದರು. ಗದರಿದ ಮೇಲೆ ಅವರಿಗೇ ನಗು ಬಂತು. ಸರ್ವಮಂಗಳಾ ಅಳುತ್ತಾ ನಗುತ್ತಿದ್ದರು. ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ, ಅದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ.

ಸಿದ್ದಮಲ್ಲಪ್ಪನವರು ಸಿದ್ದಲಿಂಗಮ್ಮನವರ ಕಡೆ ತಿರುಗಿ ಕೈಮುಗಿದರು. “ಕೂತ್ಕೊಳ್ಳಿ ತಾಯಿ. ಇದನ್ನ ಬಿಚ್ಚೋದು ಬೇಡ. ನನಗೆ ನನ್ನ ಬರೀ ಗಾಜಿಂದೇ ಸಾಕು, ನನ್ನ ಕೈಗೆ ಊರು ಗೊತ್ತಿದಾವೆ. ಇದು ಮಂಗಳಾಗೆ ಇರ್ಲಿ. ಇಷ್ಟು ವರ್ಷ ಇವಳು ಈ ಮನೇಲಿ ರೇಡಿಯೋ ಮುಟ್ಟಿದ್ದು ಒರೆಸೋಕೆ ಮಾತ್ರ.”

ಸರ್ವಮಂಗಳಾ ಹತ್ತಿರ ಬಂದು, ಮಾವನವರು ಗುಂಡಿಯಿಂದ ಕೈ ತೆಗೆದ ಮೇಲೆ, ತಾವೇ ಹಿಡಿದು ಒಂದು ಚೂರು ತಿರುಗಿಸಿದರು. ವಾರ್ತೆ ತಪ್ಪಿ ಕರಕರ ಎಂದಿತು. “ಮೆತ್ತಗೆ, ಮೆತ್ತಗೆ,” ಎಂದರು ಮಾವ. ಸೊಸೆ ಮೆಲ್ಲನೆ ವಾಪಸ್ಸು ತಿರುಗಿಸಿದರು. ವಾರ್ತೆ ಸಿಕ್ಕಿತು. ರೇಡಿಯೋಗೆ ಅಡುಗೆಮನೆಯಲ್ಲಿ, ಗ್ಯಾಸ್ ಒಲೆಯಿಂದ ದೂರ, ಕಿಟಕಿಯ ಪಕ್ಕದಲ್ಲಿ ಜಾಗ ಮಾಡಿದ್ದು ಸಿದ್ದಲಿಂಗಮ್ಮನವರೇ. ಉಪ್ಪಿಟ್ಟು ತಿನ್ನಿಸದೆ ಸರ್ವಮಂಗಳಾ ನಮ್ಮನ್ನು ಬಿಡಲಿಲ್ಲ.

ಬಸ್‌ ಸ್ಟಾಪಿನವರೆಗೆ ನಡೆಯುತ್ತಾ ಅವರನ್ನು ಕೇಳಿದೆ, ಒಂದು ವರ್ಷ ಅಲೆದದ್ದು ವ್ಯರ್ಥವಾಯಿತು ಅನ್ನಿಸುವುದಿಲ್ಲವೇ ಎಂದು. ಅವರು ಬಲ್ಬು, ವೈರಿನ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡರು.

“ಎಷ್ಟೋ ಪಾರ್ಟು ಹುಡುಕ್ಕೊಟ್ಟಿದೀನಿ ಕಣಮ್ಮ. ಒಂದೂ ನೆನಪಲ್ಲಿಲ್ಲ,” ಎಂದರು. “ಸಿಕ್ಕಿದ ಮೇಲೂ ಬಿಚ್ಚಿ ಕೊಡದೇ, ಹಾಡೋ ಸೆಟ್ಟಲ್ಲೇ ಬುಟ್ಟು ಬಂದಿದ್ದು ಇದೊಂದೇ. ಇದನ್ನ ಮರೆಯಲ್ಲ.”